ಟ್ರೇ ಭಾವ

ಭಟ್ಕಳದಿಂದ ಕುಮಟಾದವರೆಗೆ ಹೆದ್ದಾರಿಯ ಆಚೀಚೆ ಎಷ್ಟು ಕೇರಿಗಳಿವೆಯೋ ಈಗ ಅಷ್ಟೇ ಟ್ರೇ ಭಾವಂದಿರು ಸಿಗುತ್ತಾರೆ. ಮುಂಬೈಯಲ್ಲೋ ಪುಣೆಯಲ್ಲೋ ನೌಕರಿ ಮುಗಿಸಿ, ಇಲ್ಲವೇ ನೌಕರಿಯನ್ನೇ ಲ್ಯಾಪ್‌ಟಾಪಿನಲ್ಲಿ ಹೊತ್ತು ತಂದು, ಹಿರಿಯರ ಮನೆಯ ಮಹಡಿ ಹಿಡಿದವರು. ಸುತ್ತ ಅರ್ಧ ಎಕರೆ ಹಿತ್ತಲಿದ್ದರೂ ಇವರ ಕೃಷಿಯೆಲ್ಲ ಮಂಚದ ಪಕ್ಕದ ಟೀಪಾಯಿಯ ಮೇಲಿನ ಬೀಜದ ಟ್ರೇಯಲ್ಲಿ. ಬಲಗೈಯಲ್ಲಿ ಸ್ಪ್ರೇ ಬಾಟಲಿ, ಎಡಗೈಯಲ್ಲಿ ಮೊಬೈಲ್ ಟಾರ್ಚು, ಬಾಯಲ್ಲಿ ‘ಜರ್ಮಿನೇಶನ್’.

ನಮ್ಮ ಕೇರಿಯ ಭಾವನಿಗೆ ಪರದೇಶದ ಯಾವುದೋ ವಿಡಿಯೊ ಒಂದು ಸೂತ್ರ ಕೊಟ್ಟಿತ್ತು: ಕೊನೆಯ ಹಿಮ ಬೀಳುವ ದಿನಕ್ಕೆ ಆರೆಂಟು ವಾರ ಮೊದಲೇ ಮನೆಯೊಳಗೆ ಬೀಜ ಹಾಕಬೇಕು. ಭಾವ ಪಂಚಾಂಗ, ಕ್ಯಾಲೆಂಡರು ಎರಡನ್ನೂ ಬಿಡಿಸಿಕೊಂಡು ಕುಳಿತ. ಈ ಸೀಮೆಯಲ್ಲಿ ಬಯಲು ಬೆಳ್ಳಗಾಗುವುದು ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ಮಾತ್ರ ಎಂಬುದು ಅವನಿಗೆ ಹೊಳೆಯಲಿಲ್ಲ. ತಾಯಿಯನ್ನು ಕೇಳಿದ. ಆಯಿ ಸೌತೆಕಾಯಿ ಹೆಚ್ಚುತ್ತಲೇ ಹೇಳಿದಳು: “ಹಿಮ ಗೊತ್ತಿಲ್ಲೆ ತಮಾ. ಮಿರ್ಗದ ಮಳೆ ಬತ್ತು, ಅದು ಆಗ್ತಾ?”

ಬೀಜಕ್ಕೆ ಸೂರು ಬೇಕೆಂಬುದೇನೋ ಸುಳ್ಳಲ್ಲ. ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆಯಲ್ಲಿ ಅಂಗಳಕ್ಕೆ ಚೆಲ್ಲಿದ ಗೊಂಡೆ ಬೀಜ ಮಾರನೆಯ ದಿನ ಹೊಳೆ ಸೇರಿರುತ್ತದೆ. ಅದಕ್ಕೇ ಆಯಿ ಮಳೆಗಾಲ ಹತ್ತುವ ಮೊದಲು ಅಡಿಕೆ ಹಾಳೆಯಲ್ಲಿ ಮಣ್ಣು, ಸಗಣಿಗೊಬ್ಬರ, ಒಂದು ಹಿಡಿ ಬೂದಿ ಕಲಸಿ, ಬೀಜ ಉದುರಿಸಿ, ಇರಚಲು ತಾಗದ ಹಾಗೆ ಜಗಲಿಯ ಅಂಚಿಗೆ ಇಡುತ್ತಾಳೆ. ಆಮೇಲೆ ಅದರ ಸುದ್ದಿಗೇ ಹೋಗುವುದಿಲ್ಲ.

ಭಾವನಿಗೆ ಮಣ್ಣೆಂದರೆ ರೋಗ. ಕೊರಿಯರ್‌ನಲ್ಲಿ ಇಟ್ಟಿಗೆಯಾಕಾರದ ಕೋಕೋಪೀಟ್ ತರಿಸಿದ. ನೀರಿಗೆ ಹಾಕಿದ್ದೇ ತಡ, ಅದು ಉಬ್ಬಿ ಬಕೆಟ್ಟಿನಿಂದ ಹೊರಗೆ ಬಂತು. ಇದೆಲ್ಲ ತೆಂಗಿನ ಸಿಪ್ಪೆಯ ಪುಡಿ ಎಂದು ತಿಳಿದಾಗ, ಬಚ್ಚಲೊಲೆಗೆ ಅದೇ ಸಿಪ್ಪೆ ತುರುಕುತ್ತಿದ್ದ ಆಯಿ ಕೈ ನಿಲ್ಲಿಸಿ, “ಇದಕ್ಕೂ ದುಡ್ಡು ಕೊಟ್ಯನಾ?” ಎಂದಳು.

ಮೊದಲು ಬಿತ್ತಿದ್ದು ಇಟಲಿಯ ಬೇಸಿಲ್. ನೀರು ಚಿಮುಕಿಸಿದ ಐದೇ ನಿಮಿಷಕ್ಕೆ ಕರಿ ಬೀಜಗಳ ಸುತ್ತ ಬಿಳಿ ಲೋಳೆ ಕಟ್ಟಿತು. ಭಾವ ಎದೆ ಹಿಡಿದುಕೊಂಡ. ಶಿಲೀಂಧ್ರ! ವಿಡಿಯೊದ ಪ್ರಕಾರ ಮದ್ದು ದಾಲ್ಚಿನ್ನಿ ಪುಡಿ. ಅಡುಗೆಮನೆಯ ಡಬ್ಬಿ ಖಾಲಿಯಾಯಿತು. ಹುಡುಕಿಕೊಂಡು ಮಹಡಿ ಹತ್ತಿದ ಆಯಿ ಟ್ರೇಯನ್ನು ಮೂಸಿ ನೋಡಿ, ಬೇಸಗೆಯಲ್ಲಿ ಇದನ್ನೇ ಅಲ್ಲವೇ ಪಾನಕಕ್ಕೆ ನೆನೆಹಾಕಿ ನಿನಗೆ ಕುಡಿಸುತ್ತಿದ್ದುದು ಎಂದಳು. ಬಾವಿಕಟ್ಟೆಯ ಪಕ್ಕ ಯಾರೂ ಬಿತ್ತದ ಕಾಮಕಸ್ತೂರಿ ಸೊಂಟದೆತ್ತರ ನಿಂತಿತ್ತು. ನಮ್ಮದು ಸ್ವಲ್ಪ ಖಾರ, ಇಟಲಿಯದು ಸ್ವಲ್ಪ ಸಿಹಿ ಎಂದು ಭಾವ ಇಂದಿಗೂ ವಾದಿಸುತ್ತಾನೆ.

ಆಮೇಲೆ ಬೆಳಕಿನ ಗೋಳು. ಮಿನುಗುವ ಎಲ್‌ಇಡಿ ಪಟ್ಟಿ ತೂಗುಹಾಕಿದ. ಆಷಾಢದಲ್ಲಿ ನಮ್ಮೂರಿನ ಕರೆಂಟಿಗೆ ಬರುವುದಕ್ಕಿಂತ ಹೋಗುವುದೇ ಅಭ್ಯಾಸ. ಸಸಿಗಳು ಕಿಟಕಿಯ ಕಡೆಗೆ ಕತ್ತು ಚಾಚಿ ಚಾಚಿ ನೂಲಿನಂತಾದವು. ತೇವ ಬಿಡದ ಆ ಕೋಣೆಯಲ್ಲಿ ಸಂಜೆ ನೆಟ್ಟಗಿದ್ದ ಗೊಂಡೆ ಸಸಿಗಳು ಬೆಳಗಾಗುವುದರೊಳಗೆ ಬುಡ ಕರಗಿ ಸಾಲಾಗಿ ಅಡ್ಡಬಿದ್ದವು. ಅಡಿಕೆ ಕೊನೆಗಾರನನ್ನು ತಡೆದು, ಟೀಪಾಯಿಗೆ ಒಂದಿಷ್ಟು ಕೊಳೆಮದ್ದು ಹೊಡೆಯಲು ಬರುತ್ತೀಯಾ ಎಂದು ಕೇಳಿದನಂತೆ. ಅವನು ಈಗಲೂ ಬೇಲಿಯಾಚೆಯ ದಾರಿಯಲ್ಲೇ ಓಡಾಡುತ್ತಾನೆ.

ಇಷ್ಟಾದರೂ ಉಪದೇಶಕ್ಕೆ ಬರವಿಲ್ಲ. ತಮ್ಮದೇ ಬೀಜ ಉಳಿಸಿಕೊಂಡು ಸಿಹಿ ಈರುಳ್ಳಿ ಬೆಳೆಯುವ ಅಳ್ವೆಕೋಡಿಯ ಕಡೆಗೂ ಹೋಗಿ, ಸಸಿಮಡಿಯನ್ನು ಮನೆಯೊಳಗೇ ಮಾಡಿ ಎಂದು ಬಂದ. “ಬೀಜ ಒಳಗೆ ಮಲಗಿದ್ರೆ ನಾವು ಎಲ್ಲಿ ಮಲಗೂದು?” ಎಂದರಂತೆ ಒಬ್ಬರು. ಇನ್ನು ಮಾಣಿಕಟ್ಟಾದ ಗಜನಿ ಗದ್ದೆಗೆ ಹೊರಟಿದ್ದಾನೆ. ಉಪ್ಪುನೀರಿನಲ್ಲೂ ಏಳುವ ಕಗ್ಗ ಭತ್ತಕ್ಕೆ ಇವನು ಏನು ಹೇಳಿಕೊಡುತ್ತಾನೋ ನೋಡಬೇಕು.

ಅಬ್ಬಲಿಗೆಯ ಕತೆ ಬೇರೆ. ಆಯಿ ಬೀಜಕ್ಕೆಂದು ಒಣಗಿದ ಅಬ್ಬಲಿಗೆ ತೆನೆಗಳನ್ನು ಮೊರದಲ್ಲಿ ಹರಡಿ, ಮಳೆಯ ಥಂಡಿ ತಾಗದಿರಲಿ ಎಂದು ಮಹಡಿಯಲ್ಲಿ ಇಟ್ಟಿದ್ದಳು. ರಾತ್ರಿ ಭಾವನ ಸ್ಪ್ರೇ ಬಾಟಲಿ ಅತ್ತಲೂ ತಿರುಗಿತು. ಅಬ್ಬಲಿಗೆಯ ಒಣಕಾಯಿಗೆ ನೀರು ತಾಗಿದರೆ ಸಿಡಿಯುತ್ತದೆ. ಗಿಡ ಬೀಜ ಹರಡುವ ರೀತಿಯೇ ಅದು. ಕತ್ತಲಲ್ಲಿ ಚಟ್, ಚಟಚಟ್! ಗೋಡೆಗೆ, ಸೊಳ್ಳೆಪರದೆಗೆ, ಭಾವನ ಕನ್ನಡಕಕ್ಕೆ. ಎಲ್‌ಇಡಿ ಸ್ಫೋಟಗೊಂಡಿತೆಂದು ಅವನು ಮೇನ್ ಸ್ವಿಚ್ ಆರಿಸಲು ಓಡಿದ. ಕರೆಂಟು ಹೋಗಿಯೇ ಒಂದು ತಾಸಾಗಿತ್ತು.

ಟ್ರೇಯಲ್ಲಿ ಈಗ ಎರಡು ಕೊತ್ತಂಬರಿ ಸಸಿ ಉಳಿದಿವೆ, ಅದರಲ್ಲೊಂದಕ್ಕೆ ಜ್ವರ. ಆದರೆ ಮಹಡಿ ಬಾಗಿಲ ಬಳಿಯ ತೆಂಗಿನ ನಾರಿನ ಕಾಲೊರಸಿನಲ್ಲಿ, ಮಳೆನೀರು ಕುಡಿದುಕೊಂಡು, ಸಿಡಿದು ಬಂದ ಅಬ್ಬಲಿಗೆ ಬೀಜಗಳು ಒತ್ತೊತ್ತಾಗಿ ಮೊಳೆತಿವೆ. ಭಾವ ಎಕ್ಸೆಲ್‌ನಲ್ಲಿ ಹೊಸ ಕಾಲಮ್ ತೆರೆದು, ಮಾಧ್ಯಮ ಎಂಬಲ್ಲಿ ‘ಕಾಲೊರಸು’ ಎಂದು ಬರೆದುಕೊಂಡಿದ್ದಾನೆ. ಸುತ್ತ ನಾಲ್ಕು ಕಡ್ಡಿ ಊರಿ ದಾರ ಬಿಗಿದು ಬೇಲಿಯೂ ಆಗಿದೆ. ಮಹಡಿ ಹತ್ತಿದವರು ಕೆಸರುಗಾಲಲ್ಲೇ ಒಳಗೆ ಬರಬೇಕೆಂದು ಅಪ್ಪಣೆ. ನೆಲ ಒರೆಸುವ ಭಾರ ಯಾರದ್ದೆಂದು ಇನ್ನೂ ಇತ್ಯರ್ಥವಾಗಿಲ್ಲ.