ಮೊಲಕ್ಕೆ ಮೂರೂಕಾಲು: ಗೃಹಶಶಕದ ನಿವೇಶನ ಕುರಿತು ಒಂದು ಪಾಠಾಂತರ ವಿಚಾರ

ಪೀಠಿಕೆ

ಮೊಲದ ತಲೆಯ ಮೇಲೆ ಕೋಡು ಉಂಟೋ ಇಲ್ಲವೋ ಎಂದು ನಮ್ಮ ತಾರ್ಕಿಕರು ಶತಮಾನಗಟ್ಟಲೆ ಜಗಳವಾಡಿದ್ದಾರೆ. ಅದೇ ತಲೆಯ ಮೇಲೆ ಸೂರು ಉಂಟೋ ಇಲ್ಲವೋ ಎಂದು ಒಬ್ಬರೂ ಕೇಳಲಿಲ್ಲ. ಶಾಸ್ತ್ರದ ಈ ದೊಡ್ಡ ಖಾಲಿ ಜಾಗ ನನ್ನ ಕಣ್ಣಿಗೆ ಬಿದ್ದದ್ದು ಪಾಂಡವಪುರದ ನಮ್ಮ ಮನೆಯ ಹಜಾರದಲ್ಲಿ. ಮೊಮ್ಮಗಳು ಮೈಸೂರಿನಿಂದ ತಂದ ರಟ್ಟಿನ ಡಬ್ಬವನ್ನು ನನ್ನ ಮುಂದೆ ಮಡಗಿ, "ತಾತ, ಇದು ಇನ್ಮೇಲೆ ಎಲ್ಲಿರುತ್ತೆ?" ಎಂದಳು. ಡಬ್ಬದೊಳಗೆ ಅಚ್ಚುಬೆಲ್ಲದ ಬಣ್ಣದ್ದೊಂದು ಮೊಲ ಮೂಗು ಅದುರಿಸುತ್ತ ಕೂತಿತ್ತು. ಬಣ್ಣ ನೋಡಿ ಬೆಲ್ಲ ಎಂದೇ ಹೆಸರಾಯಿತು. ಮೂವತ್ತು ವರ್ಷ ಹಳಗನ್ನಡ ಪಾಠ ಹೇಳಿದ ನನಗೆ ಕೇಳಿದ್ದಕ್ಕೆ ನೇರ ಉತ್ತರ ಕೊಡುವ ಅಭ್ಯಾಸ ತಪ್ಪಿಹೋಗಿದೆ. ಹಾಗಾಗಿ ಸಂಶೋಧನೆ ಅನಿವಾರ್ಯವಾಯಿತು.

ಮೊಲಕ್ಕೂ ಭೂವ್ಯವಹಾರಕ್ಕೂ ನಂಟು ಹಳೆಯದು. ಅಟ್ಟಿಸಿಕೊಂಡು ಬಂದ ಬೇಟೆನಾಯಿಗಳ ಮೇಲೆ ಮೊಲವೊಂದು ತಿರುಗಿಬಿದ್ದ ನೆಲ ಕಂಡು ಹಕ್ಕಬುಕ್ಕರು ವಿಜಯನಗರ ಕಟ್ಟಿದರೆಂದು ಐತಿಹ್ಯ. ಕೆಂಪೇಗೌಡರ ಬೆಂಗಳೂರಿಗೂ ಇದೇ ಕತೆ ಅಂಟಿಕೊಂಡಿದೆ. ಅಂದರೆ ಗಂಡುಮೆಟ್ಟಿನ ನೆಲ ಯಾವುದೆಂದು ಗೊತ್ತುಮಾಡುವ ಖಾತೆ ಒಂದು ಕಾಲಕ್ಕೆ ಮೊಲದ ಕೈಯಲ್ಲಿತ್ತು. ಎರಡು ರಾಜಧಾನಿಗೆ ಜಾಗ ತೋರಿಸಿದ ಕುಲಕ್ಕೆ ಸ್ವಂತಕ್ಕೊಂದು ಮೂವತ್ತು-ನಲವತ್ತರ ಸೈಟು ದಕ್ಕಲಿಲ್ಲ. ಇದ್ದೊಂದು ಆಸ್ತಿ ಚಂದ್ರನಲ್ಲಿ. 'ಶಶಾಂಕ' ಎಂಬ ಹೆಸರೇ ಅದರ ಪಹಣಿ. ಆದರೆ ಹೋಗಿ ಸ್ವಾಧೀನಕ್ಕೆ ತೆಗೆದುಕೊಳ್ಳುವುದು ಹೇಗೆ?

ಇಲ್ಲೊಂದು ಎಚ್ಚರ ಅಗತ್ಯ. ಗಾದೆಯ ಮೊಲ ಬೇರೆ, ನಮ್ಮ ಬೆಲ್ಲ ಬೇರೆ. ಮೇಲುಕೋಟೆಯ ಕುರುಚಲಲ್ಲಿ ಓಡಾಡುವ ಕಾಡುಮೊಲ ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯಲ್ಲಿ ಮೈಯಷ್ಟಗಲ ತಗ್ಗು ಮಾಡಿಕೊಂಡು ಮಲಗುತ್ತದೆ. ಅದರ ಮರಿ ಕಣ್ಣು ಬಿಟ್ಟುಕೊಂಡೇ, ಕೂದಲು ಹೊದ್ದುಕೊಂಡೇ ಹುಟ್ಟುತ್ತದೆ. ಸಾಕುಮೊಲದ ಮೂಲ ಸ್ಪೇನ್, ಪೋರ್ಚುಗಲ್ ಕಡೆ. ಅದು ಬಿಲವಾಸಿ, ಮರಿ ಹುಟ್ಟುವಾಗ ಕುರುಡು ಮತ್ತು ಬೆತ್ತಲೆ. ಇಂಗ್ಲಿಷಿನವರು ಎರಡಕ್ಕೆ ಎರಡು ಹೆಸರಿಟ್ಟರು. ಕನ್ನಡಿಗರು ಒಂದೇ ಪದದಲ್ಲಿ ಎರಡನ್ನೂ ಮುಗಿಸಿದೆವು. ದುರ್ಗಸಿಂಹನ ಪಂಚತಂತ್ರದಲ್ಲಿ ಸಿಂಹವನ್ನು ಬಾವಿಗೆ ಕೆಡವಿದ ಪುಣ್ಯದಲ್ಲಿ ಬೆಲ್ಲಕ್ಕೆ ಪಾಲಿಲ್ಲ. ಕಾಡುಮೊಲವನ್ನು ಹಿಡಿದು ತಂದು ಸಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ಆದ್ದರಿಂದ ಈ ಪ್ರಬಂಧದ ವ್ಯಾಪ್ತಿ ಅಂಗಡಿಯ ಮೊಲಕ್ಕಷ್ಟೇ. ಮೇಲ್ದವಡೆಯ ಬಾಚಿಹಲ್ಲಿನ ಹಿಂದೆ ಇನ್ನೊಂದು ಪುಟ್ಟ ಜೊತೆ ಹಲ್ಲು ಇರುವುದರಿಂದ 1912ರಲ್ಲಿ ಪ್ರಾಣಿಶಾಸ್ತ್ರಜ್ಞರು ಮೊಲಗಳನ್ನು ಇಲಿಯ ಗಣದಿಂದ ಬೇರೆ ಮಾಡಿದರು. ನಮ್ಮ ಮನೆಯಾಕೆ ಈ ತಿದ್ದುಪಡಿಯನ್ನು ಇನ್ನೂ ಅಂಗೀಕರಿಸಿಲ್ಲ.

ಪೂರ್ವಪಕ್ಷ

ಮೊದಲು ಬಂದದ್ದು ಶ್ರೀರಂಗಪಟ್ಟಣ ಪಂಥ, ಅರ್ಥಾತ್ ಸೆರೆಮನೆವಾದ. ಅಲ್ಲಿರುವ ನನ್ನ ಷಡ್ಡಕರು ತಮ್ಮ ಮನೆಯ ಅಟ್ಟದಿಂದ ತಂತಿಯ ಪಂಜರವೊಂದನ್ನು ಇಳಿಸಿ ತಂದುಕೊಟ್ಟರು. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ತಳವೂ ತಂತಿಯದೇ. "ಗಲೀಜು ಕೆಳಕ್ಕೆ ಉದುರಿಹೋಗುತ್ತೆ, ಗುಡಿಸೋ ಕೆಲ್ಸವೇ ಇಲ್ಲ" ಎಂಬುದು ಅವರ ಭಾಷ್ಯ. ಕರ್ನಲ್ ಬೈಲಿ ಸೆರೆಮನೆಯ ಊರಿನವರಿಂದ ಬೇರೇನು ನಿರೀಕ್ಷಿಸಲಾದೀತು? ಹೋಲಿಕೆಗಾಗಿ ಅದನ್ನೇ ನೋಡಿಬಂದೆ. 1780ರ ಪೊಳ್ಳಿಲೂರು ಕಾಳಗದಲ್ಲಿ ಸಿಕ್ಕಿಬಿದ್ದು 1782ರಲ್ಲಿ ಸೆರೆಯಲ್ಲೇ ಸತ್ತ ಬೈಲಿಯ ಹೆಸರು ಹೊತ್ತ ಆ ನೆಲಮಾಳಿಗೆ ಸುಮಾರು 30 ಮೀಟರ್ ಉದ್ದ, 12 ಮೀಟರ್ ಅಗಲ ಇದೆ. ಕೈಗಳನ್ನು ಬಿಗಿಯುವ ಕಲ್ಲುಗಳು ಗೋಡೆಗುಂಟ ಈಗಲೂ ಚಾಚಿಕೊಂಡಿವೆ. ಆದರೂ ಕೈದಿಗಳ ಅಂಗಾಲಿನ ಕೆಳಗೆ ಸಮನಾದ ನೆಲವಿತ್ತು ಎಂಬುದನ್ನು ಗಮನಿಸಬೇಕು. ನಾಯಿ ಬೆಕ್ಕಿಗಿರುವ ಮೆತ್ತೆ ಮೊಲದ ಪಾದಕ್ಕಿಲ್ಲ, ಬರೀ ತುಪ್ಪಳ. ತಂತಿಯ ಮೇಲೆ ನಿಂತೂ ನಿಂತೂ ಹಿಮ್ಮಡಿ ಹುಣ್ಣಾಗುತ್ತದೆ. ಹಾಗಾಗಿ ಟಿಪ್ಪುವಿನ ಸೆರೆಯೇ ಷಡ್ಡಕರ ಪಂಜರಕ್ಕಿಂತ ಮಾನವೀಯವೆಂದು ತೀರ್ಮಾನಿಸಬೇಕಾಗಿದೆ. (ಮೊಲವೀಯ ಎಂಬ ಪದ ಇನ್ನೂ ನಿಘಂಟಿಗೆ ಬಂದಿಲ್ಲ.)

ಮೂರನೆಯ ರಾತ್ರಿ ಪಂಜರ ಬಯಲಾಯಿತು. ಕೋಟೆ ಹೊರಗಿನ ಹೊಡೆತಕ್ಕೆ ಬೀಳಲಿಲ್ಲ, ಒಳಗಿನವರೇ ದಾರಿ ಮಾಡಿಕೊಟ್ಟರು ಎಂಬ ಮಾತನ್ನು ಶ್ರೀರಂಗಪಟ್ಟಣದಲ್ಲಿ 1799ರಿಂದಲೂ ಆಡುತ್ತಿದ್ದಾರೆ. ನಮ್ಮ ಮನೆಯ ಮೀರ್ ಸಾದಿಕ್‌ಗೆ ಈಗ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು.

ಎರಡನೆಯದು ಕೆ.ಆರ್. ಪೇಟೆ ಪಂಥ. ಇದರ ಮೇಲೆ ನನಗೆ ಬಹಳ ಮೋಹವಿತ್ತೆಂದು ಒಪ್ಪಿಕೊಳ್ಳುತ್ತೇನೆ. ಆ ತಾಲ್ಲೂಕಿನ ಹೊಸಹೊಳಲಿನಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣ ಗುಡಿ ಇದೆ, ತ್ರಿಕೂಟ. ಗರ್ಭಗುಡಿ ಮೂರಾದರೂ ಗೋಪುರ ನಡುವಿನದಕ್ಕೆ ಮಾತ್ರ. ಮಲಗಲು ಒಂದು, ಮೇಯಲು ಒಂದು, ಮಿಕ್ಕ ಕಾರ್ಯಕ್ಕೆ ಒಂದು: ಮೊಲದ ಮನೆಗೆ ಇದಕ್ಕಿಂತ ಒಪ್ಪುವ ವಿನ್ಯಾಸ ಎಲ್ಲಿದೆ? ಗೋವಿಂದನಹಳ್ಳಿಯ ಪಂಚಲಿಂಗೇಶ್ವರದಂತೆ ಸಾಲಾಗಿ ಐದು ಗುಡಿ ಮಾಡಿಸುವ ಆಸೆಯೂ ಬಂದಿತ್ತು. ಪಿಂಚಣಿಯ ಮೊತ್ತ ನೋಡಿ ಮೂರಕ್ಕೆ ಇಳಿದೆ. ನಕ್ಷತ್ರಾಕಾರದ ಜಗತಿಯನ್ನೂ ಬಿಡದೆ ನಕ್ಷೆ ಬರೆದು ಪೇಟೆಯ ಬಡಗಿಯ ಕೈಗಿತ್ತೆ. ಅವನು ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ, "ಇದೇನ್ ಮೇಷ್ಟ್ರೇ, ಮೊಲುಕ್ಕೆ ಮನೆಯೋ, ದೇವಸ್ತಾನ್ವೋ?" ಎಂದ. "ನೀನು ಮಾಡಪ್ಪ" ಎಂದೆ.

ಮಾಡಿದ. ಬೆಲ್ಲ ಪ್ರವೇಶವನ್ನೂ ಮಾಡಿತು. ಆಗ ತಿಳಿಯಿತು, ಮೊಲ ಮೂತ್ರಕ್ಕೆ ಮೂಲೆ ಹುಡುಕುವ ಪ್ರಾಣಿ. ಚೌಕದ ಮನೆಗೆ ನಾಲ್ಕು ಮೂಲೆ. ಹೊಯ್ಸಳರ ನಕ್ಷತ್ರಕ್ಕೆ ಎಷ್ಟು ಮೂಲೆಯೆಂದು ಎಣಿಸುವ ಗೋಜಿಗೆ ನಾನು ಹೋಗಿರಲಿಲ್ಲ. ಬೆಲ್ಲ ಹೋಯಿತು, ಒಂದನ್ನೂ ಬಿಡಲಿಲ್ಲ. ಕೊನೆಗೆ ಅದು ತನ್ನದೆಂದು ಗೊತ್ತುಮಾಡಿಕೊಂಡ ಮೂಲೆ ನಡುವಿನ ಗರ್ಭಗುಡಿಯದು. ಶೌಚದ ತಟ್ಟೆಯನ್ನು ನಾವು ತೋರಿಸಿದಲ್ಲಿ ಇಡುವುದಲ್ಲ, ಮೊಲ ತೋರಿಸಿದಲ್ಲಿ ಇಡಬೇಕು. ಒಣಹುಲ್ಲನ್ನೂ ಅದರ ಮಗ್ಗುಲಲ್ಲೇ ತೂಗಬೇಕು. ಮೇಯುತ್ತ ಮೇಯುತ್ತಲೇ ಹಿಕ್ಕೆ ಹಾಕುವುದು ಅದರ ಶೀಲ. ಊಟಕ್ಕೂ ಕಕ್ಕಸಿಗೂ ನಡುವೆ ಸುಕನಾಸಿ ನವರಂಗಗಳನ್ನಿಟ್ಟ ನನ್ನ ಆಗಮ ಅಲ್ಲಿಗೆ ಕುಸಿಯಿತು.

ಇನ್ನು ಶಿಲ್ಪ. ಹೊಸಹೊಳಲಿನ ತಳಪಟ್ಟಿಕೆಗಳಲ್ಲಿ ಆನೆ, ಕುದುರೆ, ಬಳ್ಳಿ, ಪುರಾಣ, ಮಕರ, ಹಂಸ ಹೀಗೆ ಆರು ಸಾಲು. ಮೊಲಕ್ಕೆ ಆರರಲ್ಲಿ ಒಂದೂ ಇಲ್ಲ. ಈ ಅನ್ಯಾಯವನ್ನು ಬೆಲ್ಲ ತಾನೇ ಸರಿಪಡಿಸಿತು. ಮೊಲದ ಬಾಚಿಹಲ್ಲು ವಾರಕ್ಕೆ ಎರಡು-ಮೂರು ಮಿಲಿಮೀಟರ್ ಬೆಳೆಯುತ್ತಲೇ ಇರುತ್ತದೆ. ಹುಲ್ಲನ್ನು ಹಗಲಿರುಳು ಅಗಿಯುತ್ತಿದ್ದರೆ ಹಲ್ಲುಗಳು ತಕ್ಕಮಟ್ಟಿಗೆ ಸವೆಯುತ್ತವೆ. ಹುಲ್ಲು ಸಾಲದಿದ್ದರೆ ಸಿಕ್ಕಿದ್ದೆಲ್ಲ ಮೇವೇ. ನಾಲ್ಕು ದಿನದಲ್ಲಿ ಪ್ಲೈವುಡ್ಡಿನ ಅಂಚಿನುದ್ದಕ್ಕೂ ಏಳನೆಯ ಪಟ್ಟಿಕೆ ಮೂಡಿತು. ಹೊಯ್ಸಳ ರೂವಾರಿಗಳು ಹೆಸರು ಕೆತ್ತಿ ಹೋಗುತ್ತಿದ್ದರು. ಇದು ಕೆತ್ತಿದ ಕಡೆಯೆಲ್ಲ ಹಿಕ್ಕೆ ಬಿಟ್ಟಿತು, ಅಂಕಿತದ ಬಗ್ಗೆ ವಿದ್ವಾಂಸರಲ್ಲಿ ವಿವಾದ ಏಳದಿರಲೆಂದು. ಪ್ಲೈವುಡ್ಡಿನ ಅಂಟು ಅದರ ಹೊಟ್ಟೆಗೆ ಆಗದೆಂದು ತಿಳಿದ ಮೇಲೆ ತ್ರಿಕೂಟ ಸೌದೆಮನೆ ಸೇರಿತು.

ನಾಗಮಂಗಲದ ಭಾವಮೈದನದು ಹಗೇವುವಾದ. "ಬಿಲದ ಪ್ರಾಣಿಗೆ ಬಿಲ ಕೊಡಿ ಭಾವ, ಅಷ್ಟೇಯ. ನಮ್ಮ ಅಟ್ಟಿ ಮುಂದ್ಲ ರಾಗಿ ಹಗೇವು ಖಾಲಿ ಬಿದ್ದದೆ" ಎಂದ. ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಹಗೇವಿಗೆ ಇಳಿಯುವ ಮುಂಚೆ ಬಾಯಿ ತೆರೆದು ಕೆಟ್ಟ ಗಾಳಿ ಹೋಗಲು ಬಿಡಬೇಕೆಂಬುದು ಆ ಸೀಮೆಯವರಿಗೇ ಗೊತ್ತು. ಗಾಳಿಯಾಡದ ಕಡೆ ಮೂತ್ರದ ಘಾಟು ಸೇರಿದರೆ ಮೊಲದ ಶ್ವಾಸಕೋಶ ತಡೆಯದು. ಅದೂ ಅಲ್ಲದೆ ಮನೆಯೊಳಗೆ ಹಗೇವು ತೋಡಲು ಮೊನ್ನೆ ತಾನೇ ಹಾಸಿದ ಟೈಲ್ಸ್ ಎಬ್ಬಿಸಬೇಕಿತ್ತು. ನಾಗಮಂಗಲ ಪಂಥವನ್ನು ಗೌರವದಿಂದ ಕೈಬಿಟ್ಟೆ.

ಉಳಿದದ್ದು ಪಾಂಡವಪುರದ್ದು. ಈ ಊರಿಗೆ ಹಿಂದೆ ಹಿರೋಡೆ ಎಂದು ಹೆಸರು. ಹೈದರ್, ಟಿಪ್ಪು ಪಾಳೆಯದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟದ್ದರಿಂದ ಫ್ರೆಂಚ್ ರಾಕ್ಸ್ ಆಯಿತು. ಕುಂತಿಬೆಟ್ಟದಲ್ಲಿ ಪಾಂಡವರು ತಲೆಮರೆಸಿಕೊಂಡಿದ್ದರೆಂಬ ನಂಬಿಕೆಯಿಂದ ಪಾಂಡವಪುರವಾಯಿತು. ಅಡಗಿ ಕೂರುವುದು ಈ ಮಣ್ಣಿನ ಗುಣ. ಮೊಲಕ್ಕೆ ಬೇಕಾದ್ದೂ ಅದೇ, ಎದೆ ಬಡಿದುಕೊಂಡಾಗ ನುಗ್ಗಲು ಒಂದು ಮರೆ. ಹಾಗೆ ನೋಡಿದರೆ ಅದು ಬಂದಿಳಿದ ರಟ್ಟಿನ ಡಬ್ಬವೇ ಸಾಕಿತ್ತು. ಒಂದೇ ತಿದ್ದುಪಡಿ: ಬಾಗಿಲು ಎರಡಿರಬೇಕು. ಒಂದೇ ಬಾಗಿಲ ಗೂಡು ಮೊಲದ ಲೆಕ್ಕದಲ್ಲಿ ಬೋನು. ಅರಗಿನ ಮನೆಗೆ ಹಿಂಬದಿಯ ಸುರಂಗ ಇರದಿದ್ದರೆ ಮಹಾಭಾರತ ಆದಿಪರ್ವದಲ್ಲೇ ಮುಗಿಯುತ್ತಿತ್ತಲ್ಲ, ಆ ನ್ಯಾಯ.

ಆದರೆ ಅಡಗುವುದಕ್ಕೆ ಡಬ್ಬ ಸಾಕು, ಬದುಕುವುದಕ್ಕೆ ಸಾಲದು. ಹಾಗಾದರೆ ಎಷ್ಟು ಜಾಗ ಬೇಕು?

ಪಾಠಾಂತರ

ಉತ್ತರ ನಮ್ಮ ಬಾಯಲ್ಲೇ ಇತ್ತು: "ತಾನು ಹಿಡಿದ ಮೊಲಕ್ಕೆ ಮೂರೇ ಕಾಲು." ಹಟಮಾರಿಯನ್ನು ಮೂದಲಿಸುವ ಗಾದೆ ಎಂದು ಇದುವರೆಗೆ ಎಲ್ಲರೂ ಅರ್ಥ ಹೇಳಿದ್ದಾರೆ. ನಾನೂ ಮೂವತ್ತು ವರ್ಷ ಹೇಳಿದ್ದೇನೆ. ಆದರೆ ಮೊಲವನ್ನು ಒಮ್ಮೆ ಎದೆಗವಚಿಕೊಂಡು ಹಿಂಗಾಲಿನ ಒದೆ ತಿಂದವನು ಕಾಲಿನ ಲೆಕ್ಕ ತಪ್ಪಲಾರ. ನಮ್ಮ ಹಿರಿಯರಿಗೆ ನಾಲ್ಕರವರೆಗೆ ಎಣಿಸಲು ಬರುತ್ತಿರಲಿಲ್ಲವೆಂದು ನಂಬಲು ನಾನು ಸಿದ್ಧನಿಲ್ಲ. ಇದು ಲಿಪಿಕಾರನ ಸ್ಖಾಲಿತ್ಯ. 'ರೂ' ಎಂದಿದ್ದುದು 'ರೇ' ಆಗಿದೆ. ಶುದ್ಧಪಾಠ: ಮೂರೂಕಾಲು. ಅಂದರೆ 3¼.

ಯಾವುದರ ಮೂರೂಕಾಲು? ಗಂಟೆ ಇರಲಾರದು. ಮೂರೂಕಾಲಕ್ಕೆ ಬೆಲ್ಲ ಒಳ್ಳೇ ನಿದ್ದೆಯಲ್ಲಿರುತ್ತದೆ, ಅದರ ಹಾರಾಟವೆಲ್ಲ ಮುಂಜಾವು ಮುಸ್ಸಂಜೆಯಲ್ಲಿ. ಸೇರು ಎಂದರೆ ಮಾಂಸದ ವಾಸನೆ ಹೊಡೆಯುತ್ತದೆ. ಮೊಮ್ಮಗಳ ಎದುರು ಆಡುವ ಮಾತಲ್ಲ. ಉಳಿದದ್ದು ಗಜ. ಚಂದ್ರನ ನೆರಳು ತೋರಿಸಿ ಆನೆಗಳನ್ನು ಕೊಳದಿಂದ ಓಡಿಸಿದ ಕಾಲದಿಂದಲೂ ಮೊಲಕ್ಕೂ ಗಜಕ್ಕೂ ಸಂಬಂಧವಿದ್ದೇ ಇದೆ. 'ಹಿಡಿದ' ಎಂಬುದೂ ಬಲೆ ಬೀಸಿ ಹಿಡಿದದ್ದಲ್ಲ, ಬಸ್ಸಿನಲ್ಲಿ ಸೀಟು ಹಿಡಿದಂತೆ ಜಾಗ ಹಿಡಿದದ್ದು. ಒಟ್ಟು ಅರ್ಥ: ಮೊಲವೊಂದು ತಾನಾಗಿ ಹಿಡಿಯುವ ಜಾಗ ಮೂರೂಕಾಲು ಗಜ.

ಗಜಕ್ಕೆ ಮೂರಡಿಯಂತೆ ಒಂಬತ್ತೂಮುಕ್ಕಾಲು ಅಡಿ, ಮೀಟರಿನಲ್ಲಿ 2.97. ಹಿಂದಿನ ಗಜ ಊರಿಗೊಂದು ಬಗೆ ಇತ್ತೆಂದು ಯಾರಾದರೂ ಆಕ್ಷೇಪಿಸಬಹುದು. ಬಟ್ಟೆ ಅಂಗಡಿಯ ಗಜವನ್ನೇ ಇಟ್ಟುಕೊಂಡಿದ್ದೇನೆ, ಏಕೆಂದರೆ ನನ್ನ ಲೆಕ್ಕ ಸರಿಹೋಗುವುದು ಅದರಲ್ಲಿ. ಸಂಶೋಧನೆಯಲ್ಲಿ ಇದು ಹೊಸ ಪದ್ಧತಿಯೇನಲ್ಲ. ಈಗ ವಿಸ್ಮಯ ನೋಡಿ: ಬ್ರಿಟನ್ನಿನ ರ‍್ಯಾಬಿಟ್ ವೆಲ್ಫೇರ್ ಅಸೋಸಿಯೇಷನ್ ಒಂದು ಜೊತೆ ಮೊಲಕ್ಕೆ ಕಡೇಪಕ್ಷ ಬೇಕೆಂದು ಹೇಳುವ ಜಾಗ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರ. ಓಡಲು, ಹಾರಲು, ಹಿಂಗಾಲ ಮೇಲೆ ನಿಂತು ಸುತ್ತ ನೋಡಲು ಅಷ್ಟು ಬೇಕೇ ಬೇಕು. ನಮ್ಮ ಗಾದೆಗೂ ಅವರ ಅಳತೆಗೂ ವ್ಯತ್ಯಾಸ ಮೂರೇ ಸೆಂಟಿಮೀಟರ್. ಅದನ್ನು ಬೆಲ್ಲದ ಬಾಲಕ್ಕೆಂದು ಬಿಟ್ಟಿದ್ದೇನೆ.

ಸಿದ್ಧಾಂತ

ಮನೆಯಾಕೆಯ ಮುಂದೆ ಸಿದ್ಧಾಂತ ಮಂಡಿಸಿದೆ. "ಆರು ಚದರ ಮೀಟ್ರು? ಇಲಿಗಾ?" ಎಂದಳು. ಮೇಲುಕೋಟೆಯಲ್ಲಿ ತೋಳಗಳಿಗಾಗಿ ಸರ್ಕಾರವೇ 1974ರಲ್ಲಿ ಸುಮಾರು 50 ಚದರ ಕಿಲೋಮೀಟರ್ ಬಿಟ್ಟುಕೊಟ್ಟಿದೆ, ಮೊಲ ತಿನ್ನುವವರಿಗೆ ಅಷ್ಟು ಸಿಕ್ಕರೆ ಮೊಲಕ್ಕೆ ಆರು ಮೀಟರ್ ಹೆಚ್ಚೇ ಎಂದು ವಾದಿಸಿದೆ. "ಸರ್ಕಾರ ನಮ್ಮ ಹಜಾರದಲ್ಲಿ ಬಿಟ್ಟಿಲ್ವಲ್ಲ" ಎಂಬ ಉತ್ತರ ಬಂತು.

ಆದರೂ ಹದಿನಾಲ್ಕಕ್ಕೆ ಹತ್ತರ ಹಜಾರದಲ್ಲಿ ಬೇಲಿ ಎದ್ದಿತು. ನುಣುಪು ಟೈಲ್ಸಿನ ಮೇಲೆ ತುಪ್ಪಳದ ಪಾದ ಜಾರುತ್ತದೆಂದು ಗೋಣಿತಾಟು ಹಾಸಿದೆ. ಒಂದು ಮೂಲೆಯ ಟೈಲ್ಸನ್ನು ಮಾತ್ರ ಬರಿದಾಗಿ ಬಿಟ್ಟೆ, ಏಪ್ರಿಲ್ ಬಿಸಿಲಿಗೆ ಹೊಟ್ಟೆಯೂರಿ ಮಲಗಲಿ ಎಂದು. ಮೊಲ ಬೆವರುವುದಿಲ್ಲ, ಸೆಕೆಯನ್ನು ಕಿವಿಯಿಂದಲೇ ಹೊರಹಾಕಬೇಕು. 30 ಡಿಗ್ರಿ ದಾಟಿದರೆ ಜೀವಕ್ಕೇ ಸಂಚಕಾರ, ಮಂಡ್ಯ ಸೀಮೆಯಲ್ಲಿ ಅದು ಹತ್ತು ಗಂಟೆಗೇ ದಾಟುತ್ತದೆ. ಟಿವಿಯ ವೈರನ್ನೆಲ್ಲ ಪೈಪಿನೊಳಗೆ ತೂರಿಸಿದೆ. ಎರಡು ಬಾಗಿಲ ರಟ್ಟಿನ ಡಬ್ಬ, ಅದರ ಮೂಲೆಗೆ ತಟ್ಟೆ, ತಟ್ಟೆಯ ಮಗ್ಗುಲಿಗೆ ಹುಲ್ಲು. ಕಬ್ಬಿನ ಸೀಮೆಯ ನೆಂಟರು ಬೆಲ್ಲಕ್ಕೆ ಬೆಲ್ಲ ತಿನ್ನಿಸದಂತೆ ಬೇಲಿಗೊಂದು ಬೋರ್ಡು. ಸಿಹಿ ಅದರ ಕರುಳಿಗೆ ಆಗಿಬರದು.

ಎಲ್ಲ ಮುಗಿದಾಗ ನನ್ನ ಪಾಲಿಗೆ ಗೋಡೆ ಪಕ್ಕ ಉಳಿದದ್ದು ನಾಲ್ಕೂಕಾಲು ಅಡಿಯ ಓಣಿ. 'ನಾಲ್ಕೇ ಕಾಲು' ಎಂಬ ಪಾಠವೂ ಇಲ್ಲಿ ಹೊಂದುತ್ತದೆ, ಏಕೆಂದರೆ ಅಲ್ಲಿ ಹಿಡಿಸಿದ್ದು ನನ್ನ ಮಂಚ ಮಾತ್ರ.

ಬೇಲಿಯ ಬಾಗಿಲು ತೆಗೆದು ಬೆಲ್ಲವನ್ನು ಒಳಗೆ ಬಿಟ್ಟೆವು. ಅದು ಡಬ್ಬದ ಒಂದು ಬಾಗಿಲಿಂದ ಹೊಕ್ಕು ಇನ್ನೊಂದರಿಂದ ಬಂದು, ಗೋಣಿತಾಟಿನ ಮೇಲೆ ಮೂರು ನೆಗೆತ ನೆಗೆದು, ತೆರೆದೇ ಇದ್ದ ಬೇಲಿಯ ಬಾಗಿಲಿಂದ ಹೊರಬಿದ್ದು ನೇರ ನನ್ನ ಮಂಚದ ಕೆಳಗೆ ಹೋಗಿ ಕೂತಿತು. ತಗ್ಗು, ಕತ್ತಲು, ತಂಪು, ತಪ್ಪಿಸಿಕೊಳ್ಳಲು ಮೂರು ಕಡೆ ದಾರಿ. ನಾಲ್ಕು ತಾಲ್ಲೂಕಿನ ಪಂಥಗಳಲ್ಲಿ ಒಂದೂ ಮಂಚವನ್ನು ಪ್ರಸ್ತಾಪಿಸಿರಲಿಲ್ಲ. ನಾನು ಟೇಪು ಹಿಡಿದು ಮಂಚದ ಎತ್ತರ ಅಳೆಯಲು ಕೂತೆ.

"ಅಳೀತಾ ಕುಂತ್ರೆ ಆಯ್ತದಾ?" ಎಂದಳು ಮನೆಯಾಕೆ. "ಮಂಚಾನೇ ಬೇಲಿ ಒಳಕ್ಕೆ ಸರಿಸಿ. ನೀವೂ ಅಲ್ಲೇ ಇರಿ."

2017ರಲ್ಲಿ ರೈಲಿನ ಜೋಡಿಹಳಿಗಾಗಿ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಮದ್ದಿನಮನೆಯನ್ನು ಬುಡಸಮೇತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದ ಉದಾಹರಣೆ ಕಣ್ಣಮುಂದಿತ್ತು. ಮಂಚಕ್ಕೆ ಅಷ್ಟು ಹೊತ್ತು ಹಿಡಿಯಲಿಲ್ಲ. ಈ ಪ್ರಬಂಧದ ಕೊನೆಯ ಪುಟವನ್ನು ಬೇಲಿಯ ಒಳಗಿನಿಂದಲೇ ಬರೆದಿದ್ದೇನೆ.