ಗಡಿಯಾರ ನೋಡಲು ಅಪ್ಪಣೆಯಿಲ್ಲದ ಕಾಲಸೇವಕನ ಪರವಾಗಿ

ದಿನಾಂಕ: ಲಭ್ಯವಿಲ್ಲ. ಕಾರಣ ಕೆಳಗಿದೆ.

ಪರಮಪೂಜ್ಯ ಎಸ್‌ಇಲಿನಕ್ಸ್ ಭದ್ರತಾನೀತಿಯವರ ಸನ್ನಿಧಾನಕ್ಕೆ, ಸರ್ವರ್ ಕೋಣೆಯ ಕಡೆಯಿಂದ ಸಾಷ್ಟಾಂಗ ನಮಸ್ಕಾರಪೂರ್ವಕ ಬಿನ್ನಹ.

ಲಿನಕ್ಸ್ ಯಂತ್ರದ ದಿನಾಂಕ, ವೇಳೆ, ಕಾಲವಲಯಗಳನ್ನು ನೋಡಿಕೊಳ್ಳಲೆಂದೇ ಸಿಸ್ಟಮ್‌ಡಿ ಕುಟುಂಬದಲ್ಲಿ ಟೈಮ್‌ಡೇಟ್‌ಡಿ ಎಂಬ ಹಿನ್ನೆಲೆ ಸೇವೆಯೊಂದಿದೆ. ಅದಕ್ಕೆ ಬೇರೆ ಉದ್ಯೋಗವಿಲ್ಲ. ಯಂತ್ರ ಆರಿದ್ದಾಗಲೂ ವೇಳೆಯನ್ನು ಎಣಿಸುತ್ತಿರುವ ಯಂತ್ರಾಂಶ ಗಡಿಯಾರವು, ಅಂದರೆ ಮದರ್‌ಬೋರ್ಡಿನ ಮೇಲೆ ಸಾಮಾನ್ಯವಾಗಿ 3 ವೋಲ್ಟಿನ ಬಿಲ್ಲೆ ಬ್ಯಾಟರಿಯ ಬಲದಿಂದ ಬದುಕುವ, ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳಿನ ಲೆಕ್ಕದಲ್ಲಿ ಓಡುವ ಪುಟ್ಟ ಬಿಡಿಭಾಗವು, ಆರ್‌ಟಿಸಿ0 ಎಂಬ ಸಾಧನ-ಕಡತದ ರೂಪದಲ್ಲಿ ಆ ಸೇವೆಯ ಎದುರಿಗೇ ಇರುತ್ತದೆ. ಆದರೂ ನವೀಕರಣವೊಂದು ಮುಗಿದ ಮರುಗಳಿಗೆಯಲ್ಲಿ ಸೇವೆಯು ಆ ಕಡತದತ್ತ ಕೈ ಚಾಚಿದರೆ, ನೀತಿಯವರು ‘ನಿರಾಕರಿಸಲಾಗಿದೆ’ ಎಂದು ಷರಾ ಬರೆಯುತ್ತಾರೆ. ಶಾಲೆಯ ಗಂಟೆ ಬಾರಿಸುವ ಜವಾನನು ಗೋಡೆಯ ಗಡಿಯಾರದತ್ತ ಕಣ್ಣೆತ್ತಬಾರದೆಂದು ಆಡಳಿತ ಮಂಡಳಿ ನಿರ್ಣಯ ಮಾಡಿದಂತೆ.

ನೀತಿಯವರ ವಂಶಾವಳಿ ಘನವಾದದ್ದೆಂಬುದರಲ್ಲಿ ಸಂದೇಹವಿಲ್ಲ. ಊರಿನವರ ಮಾತಿಗೆಲ್ಲ ಕಿವಿಗೊಡುವುದರಲ್ಲಿ ಹೆಸರಾದ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯು 2000ದ ಡಿಸೆಂಬರಿನಲ್ಲಿ ಎಸ್‌ಇಲಿನಕ್ಸನ್ನು ಹೊರಗೆ ಬಿಟ್ಟಿತು. 2003ರಲ್ಲಿ ಇದು ಲಿನಕ್ಸ್ ಕರ್ನಲ್‌ನ 2.6 ಸರಣಿಯನ್ನು ಸೇರಿತು. ಪ್ರತಿಯೊಂದು ಪ್ರಕ್ರಿಯೆಗೂ ಪ್ರತಿಯೊಂದು ಕಡತಕ್ಕೂ ಒಂದೊಂದು ಹಣೆಪಟ್ಟಿ ಅಂಟಿಸಿ, ಯಾವ ಪಟ್ಟಿಯವರು ಯಾವ ಪಟ್ಟಿಯದನ್ನು ಮುಟ್ಟಬಹುದೆಂದು ಮೊದಲೇ ಬರೆದಿಟ್ಟು, ಬರೆಯದೆ ಬಿಟ್ಟದ್ದನ್ನೆಲ್ಲ ಎಲ್ಲರಿಗೂ, ಸರ್ವಾಧಿಕಾರಿಯಾದ ರೂಟ್ ಬಳಕೆದಾರನಿಗೂ, ನಿಷೇಧಿಸುವುದು ಅದರ ಕ್ರಮ. ಕ್ರಮ ಒಳ್ಳೆಯದೇ. ವೇಳೆಯನ್ನು ತಿರುಚಿದವನು ಅವಧಿ ಮುಗಿದ ಪ್ರಮಾಣಪತ್ರಕ್ಕೆ ಜೀವ ಕೊಡಬಲ್ಲ, ದಾಖಲೆಗಳ ಅನುಕ್ರಮವನ್ನು ಕೆಡಿಸಬಲ್ಲ. ಆದ್ದರಿಂದ ಗಡಿಯಾರಕ್ಕೆ ಕಾವಲು ಬೇಕೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ.

ಆದರೆ ವ್ಯವಸ್ಥೆಯ ವೇಳೆಯನ್ನು ಬದಲಿಸಲು ಬೇಕಾದ ವಿಶೇಷಾಧಿಕಾರವನ್ನು ಇದೇ ನೀತಿಯವರು ಇದೇ ಸೇವೆಗೆ ತಮ್ಮ ಕೈಯಾರೆ ದಯಪಾಲಿಸಿದ್ದಾರೆ. ಅಂದರೆ ವೇಳೆಯನ್ನು ತಿದ್ದಬಹುದು, ಗಡಿಯಾರವನ್ನು ನೋಡಬಾರದು! ಅತ್ತ ಜಾಲದ ವೇಳೆಗೆ ಹೊಂದಿಕೊಂಡ ಕರ್ನಲ್ ಸಾಮಾನ್ಯವಾಗಿ ಸುಮಾರು 11 ನಿಮಿಷಕ್ಕೊಮ್ಮೆ ಅದೇ ಆರ್‌ಟಿಸಿಗೆ ತಾನೇ ಬರೆಯುತ್ತಿರುತ್ತದೆ, ಅದನ್ನು ಕೇಳುವವರಿಲ್ಲ. ಇನ್ನು ನಿರಾಕರಣೆಯ ದಾಖಲೆಯಾದರೋ, ಆ ಕ್ಷಣವನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೆ ನಮೂದಿಸಿಕೊಂಡೇ ಲಾಗ್ ಕಡತಕ್ಕೆ ಹೋಗುತ್ತದೆ. ಜವಾನನನ್ನು ಹೊರಗೆ ನಿಲ್ಲಿಸಿದವರ ಕೈಯಲ್ಲಿ ಮಾತ್ರ ಅತಿ ನಿಖರವಾದ ಕೈಗಡಿಯಾರವಿದೆ.

ಇದರ ಫಲವನ್ನು ಉಣ್ಣುವವರು ಬೇರೆ. ಒಂದೇ ಯಂತ್ರದಲ್ಲಿ ವಿಂಡೋಸನ್ನೂ ಲಿನಕ್ಸನ್ನೂ ಇಟ್ಟುಕೊಂಡಿರುವ ಭಾರತದ ಬಳಕೆದಾರನಿಗೆ, ಮೊದಲನೆಯದು ಯಂತ್ರಾಂಶ ಗಡಿಯಾರದಲ್ಲಿ ಸ್ಥಳೀಯ ವೇಳೆಯನ್ನು ಬರೆದಿಡುವುದರಿಂದಲೂ ಎರಡನೆಯದು ಅದನ್ನು ವಿಶ್ವವೇಳೆಯೆಂದು ಓದುವುದರಿಂದಲೂ, ಜಾಲದ ಸಂಪರ್ಕ ಸಿಗುವವರೆಗೆ ವೇಳೆ 5 ಗಂಟೆ 30 ನಿಮಿಷ ಮುಂದೆ ಓಡುತ್ತಿರುತ್ತದೆ. ಅದನ್ನು ಸರಿಪಡಿಸುವ ಆಜ್ಞೆ ಹಾದುಹೋಗಬೇಕಾದದ್ದು ಇದೇ ಟೈಮ್‌ಡೇಟ್‌ಡಿಯ ಮೂಲಕ, ಮುಟ್ಟಬೇಕಾದದ್ದು ಇದೇ ಆರ್‌ಟಿಸಿಯನ್ನು. ಕೆಲಸ ಅಲ್ಲಿಗೇ ನಿಲ್ಲುತ್ತದೆ. ವಿವರ ಕೇಳಿದರೆ ಯಂತ್ರಾಂಶದ ವೇಳೆ ಎಂಬ ಸಾಲಿನಲ್ಲಿ ‘ಲಭ್ಯವಿಲ್ಲ’ ಎಂದು ಬರುತ್ತದೆ.

ಕಾರಣ ದೊಡ್ಡದೇನಲ್ಲ. ಸೇವೆ ಒಂದು ಪ್ಯಾಕೇಜಿನಲ್ಲಿ, ನೀತಿ ಇನ್ನೊಂದರಲ್ಲಿ ಬರುತ್ತವೆ. ಸೇವೆ ಹೊಸದೊಂದು ಅಭ್ಯಾಸ ಕಲಿತಾಗ ನೀತಿಗೆ ಆ ಸುದ್ದಿ ತಡವಾಗಿ ತಲುಪುತ್ತದೆ, ಇಲ್ಲವೆ ಸಾಧನ-ಕಡತಕ್ಕೆ ಗಡಿಯಾರದ ಪಟ್ಟಿಯ ಬದಲು ಸಾಮಾನ್ಯ ಸಾಧನದ ಪಟ್ಟಿ ಅಂಟಿಕೊಂಡಿರುತ್ತದೆ.

ಸಹಿಸಲಾಗದ್ದು ನಿರಾಕರಣೆಯ ಬೆನ್ನಿಗೆ ಬರುವ ಉಪದೇಶ. ಈ ಪ್ರವೇಶ ಸಹಜವೆಂದು ತೋರಿದರೆ ಇದನ್ನು ದೋಷವೆಂದು ವರದಿ ಮಾಡತಕ್ಕದ್ದು, ಸದ್ಯಕ್ಕೆ ಆಡಿಟ್2ಅಲೌ ಎಂಬ ಉಪಕರಣದಿಂದ ಸ್ಥಳೀಯ ಅನುಮತಿಯನ್ನು ತಯಾರಿಸಿಕೊಳ್ಳತಕ್ಕದ್ದು ಎಂದು ಅದು ಹೇಳುತ್ತದೆ. ತಡೆದವರೇ ಮೊಹರನ್ನು ಮುಂದೆ ಸರಿಸಿ, ಏನು ಬೇಕೋ ಒತ್ತಿಕೊಳ್ಳಿ ಎನ್ನುವುದಾದರೆ ಆ ಕಾವಲು ಯಾವ ಸೀಮೆಯದು? ಆಡಿಟ್2ಅಲೌ ಲಾಗ್‌ನಲ್ಲಿ ಕಂಡ ನಿರಾಕರಣೆಗಳನ್ನೆಲ್ಲ ಕಣ್ಣುಮುಚ್ಚಿ ಅನುಮತಿಗಳಾಗಿ ಮಾರ್ಪಡಿಸುತ್ತದೆ. ಅವುಗಳ ನಡುವೆ ನಿಜವಾದ ದಾಳಿಕೋರನ ಯತ್ನವಿದ್ದರೆ ಅವನಿಗೂ ರಹದಾರಿ ಸಿಕ್ಕಿಬಿಡುತ್ತದೆ. ಅಷ್ಟನ್ನೂ ಓದುವ ತಾಳ್ಮೆಯಿಲ್ಲದವನು ಸೆಟ್‌ಎನ್‌ಫೋರ್ಸ್ 0 ಎಂದು ಒತ್ತುತ್ತಾನೆ. ಆ ಕ್ಷಣದಿಂದ ಇಡೀ ಯಂತ್ರದ ಕಾವಲುಗಾರ ಕಂಡದ್ದನ್ನು ಬರೆದುಕೊಳ್ಳುತ್ತಾನೆಯೇ ಹೊರತು ಯಾರನ್ನೂ ತಡೆಯುವುದಿಲ್ಲ. ಒಂದು ಗಡಿಯಾರ ನೋಡುವುದಕ್ಕಾಗಿ ಕೋಟೆಯ ಬಾಗಿಲುಗಳೆಲ್ಲ ತೆರೆದುಕೊಳ್ಳುವ ಈ ಅವಿವೇಕಕ್ಕೆ ಭದ್ರತೆಯೆಂಬ ಹೆಸರಿಟ್ಟಿರುವುದು ನಾಚಿಕೆಗೇಡು.

ಸೇವೆಯ ಹೊಸ ಆವೃತ್ತಿ ಬರುವ ದಿನವೇ ಅದರ ನಿಯಮವೂ ಬರಬೇಕು. ಅಷ್ಟು ಆಗದಿದ್ದರೆ, ಇಡೀ ಯಂತ್ರವನ್ನು ಬಿಟ್ಟು ಟೈಮ್‌ಡೇಟ್‌ಡಿ ಒಂದನ್ನು ಮಾತ್ರ ಸಡಿಲ ಸ್ಥಿತಿಗೆ ತರುವ ಸೌಲಭ್ಯ ಸೆಮ್ಯಾನೇಜ್ ಎಂಬ ಆಜ್ಞೆಯಲ್ಲಿ ಇದ್ದೇ ಇದೆ. ಉಪದೇಶದ ಮೊದಲ ಸಾಲಿನಲ್ಲೇ ಅದನ್ನು ಹೇಳಲು ನೀತಿಯವರಿಗೆ ಯಾರ ಅಪ್ಪಣೆ ಬೇಕಾಗಿದೆಯೋ ತಿಳಿಯದು.

ಇಂತಿ,
ನಿದ್ದೆಗೆಟ್ಟ ನಿರ್ವಾಹಕ ವರ್ಗದ ಪರವಾಗಿ