ನಾನ ಸಂಘ, ನಾನ ಬಹುಮತ

ಬಾಡಿಗೆ ಮನೆ ಕೇಳಿಕೊಂಡು ಹೋದವರನ್ನು ನಮ್ಮ ಕಡೆ ಮಾಲಕರು ಒಮ್ಮೆಲೇ ಒಳಗೆ ಕರೆಯುವುದಿಲ್ಲ. ಕಟ್ಟೆಯ ಮೇಲೆ ಕೂಡಿಸುತ್ತಾರೆ. ತಂಬಿಗೆ ನೀರು ಕೊಡುತ್ತಾರೆ, ಬೇಸಿಗೆಯಾದರೆ ಮಜ್ಜಿಗೆ. ಆಮೇಲೆ ವಿಚಾರಣೆ. ನೌಕರಿ ಎಲ್ಲಿ, ಪಗಾರ ಒಂದನೇ ತಾರೀಖಿಗೆ ಬರುತ್ತದೋ ಹತ್ತಕ್ಕೋ, ಮನೆಯಲ್ಲಿ ಮಂದಿ ಎಷ್ಟು, ಬೀಗರು ಬಂದರೆ ಎಷ್ಟು ದಿನ ಝಂಡಾ ಹೂಡುತ್ತಾರೆ, ಅಡ್ಡಹೆಸರೇನು. ಎಲ್ಲಕ್ಕೂ ಉತ್ತರ ಸರಿಬಂದ ಮೇಲೆ ಮಾಲಕರು ಕಿಸೆಯಿಂದ ಕೀಲಿಕೈ ಗೊಂಚಲು ತೆಗೆದು, ಏಳುವವರಂತೆ ಮಾಡಿ, ಮತ್ತೆ ಕೂತು ಕೇಳುತ್ತಾರೆ: "ಅಂದಂಗ, ನಾಯಿ ಬೆಕ್ಕು ಏನರ ಸಾಕೀರೇನ್ರಿ?"

ಇಲ್ಲ ಅಂದವರಿಗೆ ಮನೆ. ಹೌದು ಅಂದವರಿಗೆ ಇನ್ನೊಂದು ಲೋಟ ಮಜ್ಜಿಗೆ ಮತ್ತು ಬಸ್ ಸ್ಟ್ಯಾಂಡಿನ ದಾರಿ.

ಈ ಮಾಲಕರು ಹಾವೇರಿಯಲ್ಲಿದ್ದಾರೆ, ರಾಣೆಬೆನ್ನೂರಿನಲ್ಲಿದ್ದಾರೆ. ಬ್ಯಾಡಗಿಯಲ್ಲಿರುವವರು ಕಾರಣವನ್ನೂ ಜೋಡಿಸಿ ಕೊಡುತ್ತಾರೆ: "ಸೋಮವಾರ, ಗುರುವಾರ ಮಾರ್ಕೆಟ್ ರೀ. ಮೆಣಸಿನಕಾಯಿ ಘಾಟಿಗೆ ನಾಯಿ ಸೀನಾಕ ಹತ್ತಿದ್ರ ಓಣಿ ಮಂದಿ ಮಲಗೋದು ಹ್ಯಾಂಗ?" ಆದರೆ ನಾನು ಬಲ್ಲ ಅಪ್ಪಟ ಮಾದರಿ ಹಲಗೇರಿಯದು. ಹೆಸರು ಹೇಳುವುದಿಲ್ಲ. ಓದಿದ ಹತ್ತು ಮಂದಿಗೆ ಇದು ತಮ್ಮ ಮೇಲೇ ಬರೆದದ್ದು ಎಂದು ಅನುಮಾನ ಬಂದರೆ ಸಾಕು.

ಹಲಗೇರಿಯಲ್ಲಿ ಪೊಲೀಸ್ ಠಾಣೆ ಇದೆ, ಶಾಲೆ, ಬ್ಯಾಂಕು ಇವೆ. ಬೀಜದ ಕಂಪನಿಯ ಹುಡುಗರು ರಾಣೆಬೆನ್ನೂರಿನಿಂದ ಇತ್ತ ತಿರುಗುತ್ತಲೇ ಇರುತ್ತಾರೆ. ಹೀಗಾಗಿ ವರ್ಗವಾಗಿ ಬರುವವರಿಗೆ, ಹೋಗುವವರಿಗೆ ಕೊರತೆಯಿಲ್ಲ. ಕೆಳಗೆ ಮಾಲಕರು, ಮಾಳಿಗೆ ಮೇಲೆ ಬಾಡಿಗೆಯವರು. ಕರಾರುಪತ್ರ 11 ತಿಂಗಳದ್ದು. ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಬೇಕು. ಆ ಖರ್ಚು, ಓಡಾಟ ಯಾರಿಗೆ ಬೇಕೆಂದು ಇಡೀ ದೇಶದ ಬಾಡಿಗೆದಾರರು ಹನ್ನೊಂದು ಹನ್ನೊಂದು ತಿಂಗಳಾಗಿ ಬದುಕುತ್ತಿದ್ದಾರೆ. ಕರಾರಿನ ಮೊದಲ ಎಂಟು ಷರತ್ತುಗಳನ್ನು ಮಾಲಕರು ನಮಗೇ ಓದಲು ಬಿಡುತ್ತಾರೆ. ಒಂಬತ್ತನೆಯದನ್ನು ತಾವೇ ಓದುತ್ತಾರೆ, ಗಟ್ಟಿಯಾಗಿ: "ಸದರಿ ಮನೆಯಲ್ಲಿ ಯಾವುದೇ ತರಹದ ಸಾಕುಪ್ರಾಣಿಯನ್ನು ಸಾಕತಕ್ಕದ್ದಲ್ಲ." ಓದಿ ಮುಗಿಸುವ ಹೊತ್ತಿಗೆ ಹಿತ್ತಲಿನಿಂದ ಎಮ್ಮೆ ಒದರುತ್ತದೆ.

ಎಮ್ಮೆಯದು ಬಿಡಿ, ಅದು ಹಾಲು ಕೊಡುತ್ತದೆ. ಹಿತ್ತಲಲ್ಲಿ ಹೋರಿ ಇದೆ. ಅದರ ಹೆಸರನ್ನೂ ಇಲ್ಲಿ ಬರೆಯುವಂತಿಲ್ಲ, ಅಭಿಮಾನಿ ಬಳಗದವರು ಮನೆಗೆ ಬಂದಾರು. ದೀಪಾವಳಿ ಬಂತೆಂದರೆ ಹೋರಿ ಬೆದರಿಸುವ ಹಬ್ಬ ಶುರು. ಕೊರಳಿಗೆ ಒಣಕೊಬ್ಬರಿ ಸರ, ಕೋಡಿಗೆ ಬಲೂನು, ರಿಬ್ಬನ್ನು, ಕಾಲಿಗೆ ಗೆಜ್ಜೆ. ಸಾವಿರಾರು ಮಂದಿಯ ನಡುವೆ ಕೊಬ್ಬರಿ ಹರಿಸಿಕೊಳ್ಳದೆ ಅದು ಪಾರಾಗಿ ಬಂದ ದಿನ ಮಾಲಕರು ಊಟ ಬಿಡುತ್ತಾರೆ, ಖುಷಿಗೆ. ಮಗನ ಮದುವೆಗೆ ಕಟ್ಟಿಸಿದ್ದಕ್ಕಿಂತ ದೊಡ್ಡ ಫ್ಲೆಕ್ಸು ಹೋರಿಗೆ. ಮನೆಯೊಳಗೆ ಮೊಟ್ಟೆ ಬರುವಂತಿಲ್ಲ. ಹೋರಿಯ ಮೊಟ್ಟೆ ಮಾತ್ರ ಹಿತ್ತಲ ಬಾಗಿಲಿನಿಂದ ಬಂದು, ಬೇಯಿಸಿದ ಹುರುಳಿಯೊಳಗೆ ಸೇರಿ, ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಒಮ್ಮೆ ಅದು ಹಗ್ಗ ಹರಿದುಕೊಂಡು ಬಂದು ಬಾಡಿಗೆಯವರ ಬೈಕಿನ ಹೆಡ್‌ಲೈಟ್ ಒಡೆಯಿತು. "ಆಡತೈತ್ರಿ, ಸಣ್ಣದೈತಿ ಇನ್ನಾ" ಅಂದರು ಮಾಲಕರು. ಬಾಡಿಗೆಯವರ ಬೆಕ್ಕು ಮೆಟ್ಟಿಲ ಮೇಲೆ ಸುಮ್ಮನೆ ಕೂತರೂ ಅದು ಗಲೀಜು.

ಇನ್ನು ನಾಯಿ. ಮಾಲಕರ ಮನೆದೇವರು ದೇವರಗುಡ್ಡದ ಮಾಲತೇಶ. ಆ ದೇವರ ಪರಿವಾರದಲ್ಲಿ ನಾಯಿಗಿರುವ ಮರ್ಯಾದೆ ಬೇರೆಲ್ಲೂ ಕಾಣಸಿಗದು. ಕರಿ ಕಂಬಳಿ ತೊಟ್ಟು, ಡಮರು ಹಿಡಿದು ಬರುವ ಗೊರವಯ್ಯಗಳು ದೇವರ ನಾಯಿಗಳೆಂದೇ ಲೆಕ್ಕ. ದೋಣಿ ತುಂಬಿಸುವಾಗ ಹಾಲು, ತುಪ್ಪ, ಬಾಳೆಹಣ್ಣು ಹಾಕಿದ ದೋಣಿಯ ಸುತ್ತ ಅವರು ಬೊಗಳುತ್ತ ಬಂದು, ನೇರ ಬಾಯಿ ಹಾಕಿ ಉಣ್ಣುತ್ತಾರೆ. ಆಯುಧಪೂಜೆಯ ದಿನದ ಕಾರ್ಣಿಕ ಕೇಳಿಕೊಂಡು ಬಂದ ಮೇಲೆ ಮಾಲಕರು ಮನೆಯಲ್ಲೂ ದೋಣಿ ತುಂಬಿಸುತ್ತಾರೆ. ಅಂಗಳದಲ್ಲಿ ಐದಾರು ಮಂದಿ ಬೊಗಳುವಾಗ ಕೈಮುಗಿದು, ಕಣ್ಣು ಒದ್ದೆ ಮಾಡಿಕೊಂಡು ನಿಂತಿರುತ್ತಾರೆ. ಇದೇ ಒಳ್ಳೆಯ ಹೊತ್ತೆಂದು ಬೀಜದ ಕಂಪನಿಯ ಹುಡುಗ, ಊರಿನಿಂದ ತನ್ನ ನಾಯಿ ತರಲೇ ಎಂದು ಕೇಳಿದ.

"ದೇವರ ನಾಯಿ ಬ್ಯಾರೆ, ನಿನ್ನ ನಾಯಿ ಬ್ಯಾರೆ ತಮ್ಮಾ" ಅಂದರು ಮಾಲಕರು, ಕಣ್ಣೊರೆಸಿಕೊಳ್ಳುತ್ತ. "ದೇವರ ನಾಯಿ ಉಂಡು ಹೋಗತೈತಿ. ನಿಂದು ಉಂಡು ಇಲ್ಲೇ ಇರತೈತಿ."

ನನಗೆ ಮಾಲಕರು ಅರ್ಥವಾದದ್ದು ಆ ಮಾತಿನಿಂದ. ಅವರಿಗೆ ಪ್ರಾಣಿಯ ಮೇಲೆ ಸಿಟ್ಟಿಲ್ಲ, ಇರುವಿಕೆಯ ಮೇಲೆ ಅನುಮಾನ. ಕಪಾಟು, ಮಂಚ ಲಾರಿ ಹತ್ತಿ ಹೋಗುವ ಸಾಮಾನು. ನಾಯಿ ಸಾಕಿದವನು ಹಾಗಲ್ಲ, ಅವನನ್ನು ಓಣಿಯ ಹುಡುಗರು ನಾಯಿಯ ಹೆಸರಿನಿಂದಲೇ ಗುರುತಿಸತೊಡಗುತ್ತಾರೆ, ಅವನು ಊರಿನವನಾಗಿಬಿಡುತ್ತಾನೆ. ಮೇಲಿನವರು ಡಬ್ಬಿಯಲ್ಲಿ ಕರಿಬೇವಿನ ಸಸಿ ಹಚ್ಚಿದರೂ ಮಾಲಕರಿಗೆ ಇದೇ ಕಸಿವಿಸಿ. ನಾಯಿ ಅಥವಾ ಗಿಡ ಇಟ್ಟುಕೊಂಡು ಹನ್ನೊಂದು ತಿಂಗಳಿಗೆ ಎದ್ದು ಹೋದವರನ್ನು ಅವರು ಕಂಡಿಲ್ಲ.

ಇನ್ನೊಂದು ಗುಟ್ಟಿದೆ, ಅದು ಅಷ್ಟು ನಗುವಂಥದ್ದಲ್ಲ. ಅಡ್ಡಹೆಸರಿನಿಂದ ಜಾತಿ ಪತ್ತೆಯಾಗದ ಗಿರಾಕಿ ಬಂದರೆ ಮಾಲಕರು ನಾಯಿಯ ಮೇಲೆ ಏಕಾಏಕಿ ಪ್ರೀತಿ ತೋರಿಸುತ್ತಾರೆ. "ಅಲಾ, ನಾಯಿ ಐತೇನ್ರಿ? ಏನ್ ತಿಂತೈತ್ರಿ ಅದು?" ಪ್ರಶ್ನೆ ನಾಯಿಯದು, ಉತ್ತರ ಬೇಕಾದದ್ದು ಯಜಮಾನನ ತಾಟಿನದು. ರೊಟ್ಟಿ, ಹಾಲು ಅಂದರೆ ನಾಯಿಗೆ ಸಿಗದಿದ್ದರೂ ಅದನ್ನು ಸಾಕಿದವನಿಗೆ ಮನೆ ಸಿಗುತ್ತದೆ. ಎಲುಬು ಅಂದರೆ ಮನೆ "ನಿನ್ನೇನ ಹೋತ್ರಿ."

ಇಂಥ ಮಾಲಕರೆದುರು ಒಬ್ಬ ಹೈಸ್ಕೂಲ್ ಮಾಸ್ತರರು ಬಂದು ಕೂತರು, ಬೆಕ್ಕಿನ ಪರವಾಗಿ. ಕಾನೂನು ಓದಿಕೊಂಡು ಬಂದಿದ್ದರು. ಸಂವಿಧಾನದ 51ಎ(ಜಿ) ವಿಧಿ ಜೀವಿಗಳಿಗೆ ದಯೆ ತೋರುವುದು ನಾಗರಿಕನ ಕರ್ತವ್ಯ ಅನ್ನುತ್ತದೆ, ನಿವಾಸಿಗಳ ಸಂಘ ಬಹುಮತದಿಂದ ಗೊತ್ತುವಳಿ ಮಾಡಿದರೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಫೆಬ್ರುವರಿಯಲ್ಲೇ ಮಾರ್ಗಸೂಚಿ ಹೊರಡಿಸಿದೆ, ಎಂದೆಲ್ಲ ಹೇಳಿದರು.

"ಹಲಗೇರ್ಯಾಗ ಸಂಘ ಎಲ್ಲೈತ್ರಿ ಮಾಸ್ತರ?" ಅಂದರು ಮಾಲಕರು. "ಇಲ್ಲಿ ನಾನ ಸಂಘ, ನಾನ ಬಹುಮತ."

ಒಪ್ಪಲೇಬೇಕು, ಈ ಮಾತಿನಲ್ಲಿ ಮಾಲಕರೇ ಸರಿ. ಆ ಮಾರ್ಗಸೂಚಿ ಬೆಂಗಳೂರಿನಂಥ ಕಡೆಯ ಅಪಾರ್ಟ್‌ಮೆಂಟ್ ಸಂಘಗಳ ಮೂಗುದಾರ. ಸ್ವಂತ ಮನೆಯ ಮಾಳಿಗೆ ಕೊಡುವವರಿಗೂ ತೆಗೆದುಕೊಳ್ಳುವವರಿಗೂ ನಡುವೆ ಇರುವುದು ಕರಾರುಪತ್ರ ಒಂದೇ. ಅಲ್ಲದೆ ಸಾಗವಾನಿ ಬಾಗಿಲು ಕೆರೆದರೆ, ಓಣಿಯ ಕೂಸಿಗೆ ಕಚ್ಚಿದರೆ ಜನ ಬಂದು ನಿಲ್ಲುವುದು ಮಾಲಕರ ಕಟ್ಟೆಯ ಮುಂದೆ, ಬಾಡಿಗೆಯವರ ಮುಂದೆ ಅಲ್ಲ. ಚುಚ್ಚುಮದ್ದಿನ ಕಾರ್ಡು ತೋರಿಸುತ್ತೇನೆ, ಬಾಗಿಲಿಗೆ ಏನಾದರೂ ಆದರೆ ಇರಲೆಂದು ಡಿಪಾಜಿಟ್ಟಿನ ಮೇಲೆ ಇನ್ನಿಷ್ಟು ಇಡುತ್ತೇನೆ ಎಂದರು ಮಾಸ್ತರರು. ನ್ಯಾಯವಾದ ಮಾತು. ಬಹಳ ಮನೆಗಳಲ್ಲಿ ಇಷ್ಟರಿಂದಲೇ ವ್ಯವಹಾರ ಕುದುರಬಹುದು. ಮಾಲಕರೂ ಡಿಪಾಜಿಟ್ ಎಂಬ ಶಬ್ದಕ್ಕೆ ಕಣ್ಣು ಮುಚ್ಚಿ ತುಸು ಹೊತ್ತು ಧ್ಯಾನ ಮಾಡಿದರು. ಆಮೇಲೆ ತಲೆ ಕೊಡವಿ ಅಂದರು: "ಪ್ರಾಣಿದಯೆ ನಮಗ ಹೇಳಬ್ಯಾಡ್ರಿ ಮಾಸ್ತರ. 1974ರಾಗ ರಾಣೆಬೆನ್ನೂರಾಗ ಕೃಷ್ಣಮೃಗಕ್ಕ ಅಂತ 119 ಚದರ ಕಿಲೋಮೀಟರ್ ಕೊಟ್ಟಾರ. ಅವು ಬಂದು ರೈತರ ಗೋವಿನಜೋಳ ತಿಂದು ಹೊಕ್ಕಾವು. ಬಾಡಿಗಿ ಇಲ್ಲ, ಡಿಪಾಜಿಟ್ ಇಲ್ಲ, ಕರಾರುಪತ್ರ ಇಲ್ಲ!"

ಮಾಸ್ತರರು ಬೆಕ್ಕನ್ನು ತಂಗಿಯ ಮನೆಗೆ ಬಿಡುವುದಾಗಿ ಹೇಳಿ ಒಂಬತ್ತನೇ ಷರತ್ತಿನ ಕೆಳಗೆ ಸಹಿ ಹಾಕಿದರು. ಸಾಮಾನಿನ ಜೊತೆ ಒಂದು ಬುಟ್ಟಿ ಮಾಳಿಗೆ ಹತ್ತಿತು. ಬುಟ್ಟಿ ಒಳಗಿನಿಂದ ಮಿಯಾಂವ್ ಅಂದದ್ದು ಓಣಿಗೆಲ್ಲ ಕೇಳಿಸಿತು, ಮಾಲಕರಿಗೆ ಆ ಹೊತ್ತಿಗೆ ಹೋರಿಗೆ ನೀರು ಕುಡಿಸುವ ಕೆಲಸವಿತ್ತು.

ಆ ವರ್ಷ ಗೋವಿನಜೋಳದ ರೇಟು ಬಿತ್ತು. ರೇಟು ಏಳಲೆಂದು ಮಾಲಕರು ಚೀಲಗಳನ್ನು ಪಡಸಾಲೆಯಲ್ಲೇ ಒಟ್ಟಿದರು. ರೇಟು ಏಳಲಿಲ್ಲ, ಇಲಿ ಎದ್ದವು. ಔಷಧ ಇಟ್ಟರು, ಬೋನು ಇಟ್ಟರು. ಒಂದು ಬೆಳಿಗ್ಗೆ ಯಜಮಾನ್ತಿ ಹೊಸ್ತಿಲಿಗೆ ನೀರು ಹಾಕಲು ಬಂದರೆ ಅಲ್ಲಿ ಅಂಗಾತ ಬಿದ್ದ ಒಂದು ಹೆಗ್ಗಣ, ಪಕ್ಕದಲ್ಲಿ ಕಾಲು ನೆಕ್ಕಿಕೊಳ್ಳುತ್ತ ಕೂತ ಬೆಕ್ಕು. ಮಾಲಕರು ಹೆಗ್ಗಣ ನೋಡಿದರು, ಚೀಲ ನೋಡಿದರು, ಮೇಲಿನ ಮೆಟ್ಟಿಲು ನೋಡಿದರು. ಏನೂ ಅನ್ನಲಿಲ್ಲ. ಸಂಜೆ ಎಮ್ಮೆ ಹಿಂಡಿದ ಮೇಲೆ ಒಂದು ಬಟ್ಟಲು ಹಾಲು ಪಡಸಾಲೆಯ ಮೂಲೆಗೆ ಬಂತು. ಮಳೆಗಾಲ ಮುಗಿಯುವಷ್ಟರಲ್ಲಿ ಅವರು ಬಂದವರೆದುರು "ನಮ್ಮ ಬೆಕ್ಕ" ಅನ್ನತೊಡಗಿದ್ದರು. ಬೆಕ್ಕಿಗಂತೂ ಸ್ವಾಭಿಮಾನವಿಲ್ಲ, ಮಾಳಿಗೆಗೆ ಮಲಗಲು ಮಾತ್ರ ಹೋಗುತ್ತಿತ್ತು.

ಮಾಸ್ತರರಿಗೆ ಸವಣೂರಿಗೆ ವರ್ಗವಾಯಿತು. ಲಾರಿ ಬಂತು. ಮಾಲಕರು ಮೇಲೆ ಹತ್ತಿ ಫ್ಯಾನು, ಟ್ಯೂಬ್‌ಲೈಟು, ನಳ ಎಲ್ಲ ಎಣಿಸಿಕೊಂಡರು. ಕೊನೆಗೆ ಬುಟ್ಟಿಗೆ ಕೈ ಹಾಕಿ ಬೆಕ್ಕನ್ನು ಹೊರಗೆ ತೆಗೆದರು.

"ಇದು ನಂದ್ರೀ!" ಅಂದರು ಮಾಸ್ತರರು.

"ಅದ್ಹ್ಯಾಂಗ ಆಗತೈತ್ರಿ? ಒಂಬತ್ತನೇ ಷರತ್ತಿಗೆ ಸಹಿ ಮಾಡೀರಿ. ಅಂದಮ್ಯಾಲ ನಿಮ್ಮ ಹತ್ರ ಬೆಕ್ಕ ಇದ್ದಿರಾಕ ಸಾಧ್ಯನ ಇಲ್ಲ. ಮನ್ಯಾಗ ಇದ್ದದ್ದು ಮನಿದು."

51ಎ(ಜಿ) ಹೇಳಿದವರಿಗೆ ಇದಕ್ಕೆ ಉತ್ತರ ಸಿಗಲಿಲ್ಲ. ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಬಾಗಿಲಿನ ಗೆರೆಗಳಿಗೆಂದು ಡಿಪಾಜಿಟ್ಟಿನಲ್ಲಿ ತುಸು ಮುರಿದುಕೊಂಡದ್ದೂ ಆಯಿತು. ಆ ಗೆರೆ ಎಳೆದದ್ದು ಯಾರ ಬೆಕ್ಕು ಎಂದು ಕೇಳುವಷ್ಟು ಹೊತ್ತಿರಲಿಲ್ಲ.

ಮುಂದಿನ ತಿಂಗಳು ಬ್ಯಾಂಕಿನ ಹೊಸ ಗುಮಾಸ್ತರು ಕಟ್ಟೆಯ ಮೇಲೆ ಕೂತಿದ್ದರು. ಒಂಬತ್ತನೇ ಷರತ್ತು ಗಟ್ಟಿಯಾಗಿ ಓದಿದ್ದಾಗಿತ್ತು. ಈ ಸಲ ಹದಿನಾಲ್ಕನೆಯದೂ ಒಂದಿತ್ತು: "ಮಾಲಕರ ಬೆಕ್ಕಿಗೆ ದಿನಂಪ್ರತಿ ಕಾಲು ಲೀಟರ್ ಹಾಲನ್ನು ಬಾಡಿಗೆದಾರರು ಸ್ವಂತ ಖರ್ಚಿನಿಂದ ಹಾಕತಕ್ಕದ್ದು."

ಗುಮಾಸ್ತರು ಮಡಿವಂತರು. ಪೆನ್ನು ಬಿಚ್ಚಿದವರು ನಿಲ್ಲಿಸಿ ಕೇಳಿದರು: "ಬರೇ ಹಾಲೇನ್ರಿ? ಬ್ಯಾರೆ ಏನೂ ತಿನ್ನಂಗಿಲ್ಲಲ್ಲ?"

ಮಾಲಕರು ಹೊಸ್ತಿಲ ಕಡೆ ನೋಡಲಿಲ್ಲ. ಅಲ್ಲಿದ್ದ ಬಾಲದ ತುಣುಕಿನ ಮೇಲೆ ಮೆಲ್ಲಗೆ ಚಪ್ಪಲಿ ಇಟ್ಟರು.

"ಹಾಲು ರೀ" ಅಂದರು. "ನಮ್ಮ ಮನ್ಯಾಗ ಅದೆಲ್ಲಾ ನಡಿಯಂಗಿಲ್ಲ."